ಕೈ ಕಟ್ಟಿ ನಿಲ್ಲುವುದನ್ನು ಕಲಿಯಲು ಜಪಾನಿಗೆ

ಅಥಣಿ ರಸ್ತೆ, ವಿಜಯಪುರ

ನಾನು ಎಲ್‌ಕೆಜಿ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ, ಅವರ ವಯಸ್ಸು ಎಷ್ಟೇ ಇರಲಿ. ಅಥಣಿ ರಸ್ತೆಯಲ್ಲಿ ದಿನಕ್ಕೊಂದು ಹೊಸ ಮನೆ ಏಳುತ್ತಿರುವ ಬಡಾವಣೆಗಳ ನಡುವೆ ನಮ್ಮ ಸಣ್ಣ ಸಾಲೆ ಇದೆ. ಅಲ್ಲಿ ನನ್ನ ಹೆಸರು ಇರುವುದು ಒಂದೇ ಕಾರಣಕ್ಕೆ. ನಾನು ಒಮ್ಮೆ "ಕೈ ಕಟ್ಟ್ರಿ!" ಎಂದರೆ ಮಕ್ಕಳು ಕೈ ಕಟ್ಟುತ್ತಾರೆ, ಪಕ್ಕದ ಯುಕೆಜಿಯವರೂ ಕಟ್ಟುತ್ತಾರೆ, ಹೊರಗೆ ಮಗುವಿನ ಡಬ್ಬಿ ಕೊಡಲು ಬಂದ ತಂದೆಯೂ ಒಂದು ಕ್ಷಣ ಕಟ್ಟಿ ನಿಂತು ಆಮೇಲೆ ನಾಚಿಕೊಳ್ಳುತ್ತಾನೆ. ಸಾಲೆ ನೋಡಲು ಯಾರೇ ಬರಲಿ, ದೊಡ್ಡ ಅಕ್ಕೋರು, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಮೊದಲು ನನ್ನ ತರಗತಿಗೇ ಕರೆತರುತ್ತಾರೆ. ನೊಣ ಹಾರಿದರೂ ಕೇಳಿಸುವಂಥ ತರಗತಿ ಅದು.

ಹೀಗಿರುವಾಗ, ಬಾಲವಾಡಿ ಶಿಕ್ಷಕಿಯರನ್ನು ದೇಶದಿಂದ ದೇಶಕ್ಕೆ ಕಳಿಸುವ ಒಂದು ಸಂಸ್ಥೆಯವರು ನಮ್ಮ ಕಡೆಯಿಂದ ಒಬ್ಬರು ಜಪಾನಿಗೆ ಬರಲಿ ಎಂದರು. ಅಲ್ಲಿಯ ಒಂದು ಶಿಶುವಿಹಾರವನ್ನು ಕೆಲವು ದಿನ ನೋಡಬೇಕು, ಹೊರಡುವ ಮುನ್ನ ಅಲ್ಲಿಯ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು. ದೊಡ್ಡ ಅಕ್ಕೋರು ಅರೆಕ್ಷಣವೂ ಯೋಚಿಸಲಿಲ್ಲ.

"ನೀವ ಹೋಗ್ರಿ ಸುಮಂಗಲಾ. ಅವರ ಶಿಸ್ತಿನ ಸುದ್ದಿ ಭಾಳ ಕೇಳೇವಿ. ನಮ್ಮ ಶಿಸ್ತೂ ಅವರು ನೋಡ್ಲಿ. ಮತ್ತ ಅಲ್ಲಿ ಮಕ್ಕಳ ಕಡೆಯಿಂದ ಏನ್ ಬರಸ್ತಾರ, ಎಷ್ಟ ಬರಸ್ತಾರ, ಬರೋಬ್ಬರಿ ನೋಡ್ಕೊಂಡ ಬರ್ರಿ."

ಹೊರಡುವ ದಿನ ಅವರು ಸಾಲೆಯ ಚಾರ್ಟುಗಳನ್ನೆಲ್ಲ ಸುರುಳಿ ಸುತ್ತಿ ಉದ್ದನೆಯ ಕೊಳವೆಯೊಂದರಲ್ಲಿ ತುಂಬಿ ಕೊಟ್ಟರು. ಹಣ್ಣು, ಪ್ರಾಣಿ, ಅಕ್ಷರ, ಅಂಕಿ ಎಲ್ಲ ಅದರಲ್ಲಿದ್ದವು. ನಮ್ಮತ್ತೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ, ಅದರ ಮೇಲೆ ಒಂದು ಡಬ್ಬಿ ಜೋಳದ ಹಿಟ್ಟನ್ನೂ ಇಟ್ಟರು.

"ಹಿಟ್ಟ ಯಾಕ್ರಿ ಅತ್ತಿ? ಅಲ್ಲಿ ನಾ ರೊಟ್ಟಿ ಬಡಕೋಂತ ಕುಂದರ್ತೇನೇನು?"

"ಇರ್ಲಿ ತಗೋ. ಅಲ್ಲಿ ಎಲ್ಲಾದಕ್ಕೂ ಮೀನಿನ ನೀರ ಹಾಕ್ತಾರಂತ. ಉಪಾಸ ಬಿದ್ದರ ಯಾರ್ ನೋಡ್ತಾರವ್ವ ನಿನ್ನ?"

ಚಪ್ಪಲಿಯ ಕಾನೂನು

ರೈಲು ಬದಲಿಸಿ, ಮತ್ತೆ ಬದಲಿಸಿ ನಾನು ಇಳಿದದ್ದು ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ. ನಿಲ್ದಾಣದಲ್ಲಿ ನನಗಾಗಿ ಕಾಯುತ್ತಿದ್ದವರು ಶಿಶುವಿಹಾರದ ಶಿಕ್ಷಕಿ ಹರುಕೊ. ನನ್ನದೇ ವಯಸ್ಸು, ನನ್ನ ಅರ್ಧದಷ್ಟು ಗಾತ್ರ. ಇಬ್ಬರ ಇಂಗ್ಲಿಷೂ ಒಂದೇ ತೂಕದ್ದಾಗಿದ್ದರಿಂದ ಮಾತಿಗೆ ತೊಂದರೆಯಾಗಲಿಲ್ಲ. ಅವರು ಸೊಂಟ ಬಗ್ಗಿಸಿ ನಮಸ್ಕರಿಸಿದರು, ನಾನು ಕೈ ಮುಗಿದೆ. ಅವರು ಇನ್ನಷ್ಟು ಬಗ್ಗಿದರು, ನಾನೂ ಬಗ್ಗಿದೆ. ಹೀಗೆ ಬಗ್ಗಿ ಏಳುವ ಸಂಭ್ರಮದಲ್ಲಿ ರೈಲು ಹೊರಟುಹೋಯಿತು. ಚಾರ್ಟಿನ ಕೊಳವೆಯೂ ಅದರ ಜೊತೆಗೆ ಮುಂದಿನ ಊರಿಗೆ ಹೋಯಿತು.

"ಚಿಂತೆ ಬೇಡ, ಈ ದೇಶದಲ್ಲಿ ಕಳೆದದ್ದು ಬಂದೇ ಬರುತ್ತದೆ" ಎಂದರು ಹರುಕೊ. ಯಾವಾಗ ಬರುತ್ತದೆ ಎಂದು ಅವರು ಹೇಳಲಿಲ್ಲ.

ನಾನು ಉಳಿದುಕೊಂಡದ್ದು ಅವರ ಮನೆಯಲ್ಲಿಯೇ. ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮಗೇನು ಹೊಸದೇ ಎಂದು ಠೀವಿಯಿಂದ ಒಳಗೆ ಹೋದೆ. ಒಳಗೆ ಓಡಾಡಲು ಬೇರೆ ಚಪ್ಪಲಿ, ಚಾಪೆಯ ಕೋಣೆಯಲ್ಲಿ ಬರಿಗಾಲು, ಪಾಯಖಾನೆಗೆ ಇನ್ನೊಂದು ಜೊತೆ ಚಪ್ಪಲಿ. ಇದು ನನಗೆ ತಿಳಿದದ್ದು ಪಾಯಖಾನೆಯ ಚಪ್ಪಲಿಯಲ್ಲೇ ನೇರವಾಗಿ ಊಟದ ಕೋಣೆಗೆ ನಡೆದು ಬಂದಾಗ. ಹರುಕೊ ಅವರ ತಾಯಿ, ಎಂಬತ್ತು ದಾಟಿದ ಮುದುಕಿ, ನನ್ನ ಕಾಲನ್ನೇ ನೋಡಿದರು. ಆ ನೋಟಕ್ಕೆ ಯಾವ ಭಾಷೆಯೂ ಬೇಡ. ಚಪ್ಪಲಿ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲು ತುಳಿದವರನ್ನು ನಮ್ಮತ್ತೆ ನೋಡುವುದೂ ಹಾಗೆಯೇ. ಸಮುದ್ರ ದಾಟಿದರೂ ಅತ್ತೆಯ ಕಣ್ಣು ತಪ್ಪಲಿಲ್ಲವಲ್ಲ ಎಂದುಕೊಂಡೆ.

ಬೂಟಿನ ಕೋಣೆ

ಮರುದಿನ ಶಿಶುವಿಹಾರಕ್ಕೆ ಹೋದೆ. ಬಾಗಿಲ ಬಳಿಯೇ ಸಣ್ಣ ಸಣ್ಣ ಗೂಡುಗಳ ಕೋಣೆ. ಮಕ್ಕಳು ತಮ್ಮ ಚೀಲ ತಾವೇ ಹೊತ್ತು ಬಂದರು. ಹೊರಗಿನ ಬೂಟು ಬಿಚ್ಚಿ ಗೂಡಿನಲ್ಲಿಟ್ಟು, ಒಳಗಿನ ಬಿಳಿ ಬೂಟು ಹಾಕಿಕೊಂಡು ಓಡಿದರು. ಕೊನೆಗೆ ಒಬ್ಬ ಉಳಿದ. ಕೆಂತ ಎಂದು ಅವನ ಹೆಸರು, ನಾಲ್ಕು ವರ್ಷ, ಕೆನ್ನೆ ತುಂಬಿದ ಮುಖ. ಬಲಗಾಲಿಗೆ ಎಡಗಾಲಿನ ಬೂಟು ತುರುಕುತ್ತ ಕೂತಿದ್ದ. ಶಿಕ್ಷಕಿಯರು ಅವನನ್ನು ದಾಟಿಕೊಂಡು ಹೋಗುತ್ತಾರೆ, ಒಂದು ನಗೆ ನಗುತ್ತಾರೆ, ಅಷ್ಟೆ.

ನನ್ನ ಕೈ ತಡೆಯಲಿಲ್ಲ. "ತಾರಪಾ ಇಲ್ಲಿ, ಲಗೂ ಲಗೂ" ಎಂದು ಕಣ್ಣು ಮಿಟುಕಿಸುವುದರೊಳಗೆ ಎರಡೂ ಬೂಟು ಹಾಕಿಬಿಟ್ಟೆ. ಕೆಂತ ನನ್ನ ಮುಖ ನೋಡಿದ. ತನ್ನ ಕಾಲು ನೋಡಿಕೊಂಡ. ಆಮೇಲೆ ಸಾವಕಾಶವಾಗಿ ಎರಡೂ ಬೂಟು ಬಿಚ್ಚಿ, ಮೊದಲಿದ್ದಲ್ಲಿಯೇ ಇಟ್ಟು, ಮತ್ತೆ ಶುರುಮಾಡಿದ. ಬಲಗಾಲಿಗೆ ಎಡಗಾಲಿನದು!

ಹಿಂದೆ ಯಾರೋ ನಕ್ಕ ಸದ್ದು. ಹರುಕೊ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ನಮ್ಮಲ್ಲಿ ಮಗು ಸಾಲೆಗೆ ಬರುವುದು ಮದುಮಗ ಮಂಟಪಕ್ಕೆ ಬಂದಂತೆ. ಒಬ್ಬರು ಉಣಿಸಿರುತ್ತಾರೆ, ಒಬ್ಬರು ತಲೆ ಬಾಚಿರುತ್ತಾರೆ, ರಿಕ್ಷಾದವನು ಇಳಿಸಿಕೊಡುತ್ತಾನೆ, ಚೀಲ ಇನ್ನೊಬ್ಬರ ಹೆಗಲ ಮೇಲೆ. ಬೂಟಿನ ಲೇಸು ಬಿಚ್ಚಿದರೆ ಮದುಮಗ ಕಾಲು ಮುಂದೆ ಚಾಚುತ್ತಾನೆ, ಆಯಾ ಕೂತು ಕಟ್ಟುತ್ತಾಳೆ. ಇದನ್ನು ನಾವು ಪ್ರೀತಿ ಎನ್ನುತ್ತೇವೆ, ಅದು ಸುಳ್ಳೂ ಅಲ್ಲ. ಆದರೆ ಕೆಂತನ ಮುಖದಲ್ಲಿ ಕಂಡದ್ದು ಕೃತಜ್ಞತೆಯಂತೂ ಆಗಿರಲಿಲ್ಲ. ಅವನ ಆಸ್ತಿಯನ್ನು ನಾನು ಕಸಿದುಕೊಂಡಂತೆ ಇತ್ತು.

ಸಂತೆಯ ನಡುವೆ

ಜಪಾನಿನ ಮಕ್ಕಳು ಶಿಸ್ತಿನ ಗೊಂಬೆಗಳು ಎಂದು ನಂಬಿ ಹೋದವಳು ನಾನು. ತರಗತಿಯ ಒಳಗೆ ಕಾಲಿಟ್ಟರೆ ಭಾನುವಾರದ ಸಂತೆ! ಒಬ್ಬ ಮೇಜಿನ ಕೆಳಗೆ ಹಡಗು ನಡೆಸುತ್ತಿದ್ದಾನೆ, ಮೂವರು ನಾಯಿಗಳಾಗಿದ್ದಾರೆ, ಒಬ್ಬಳು ಸುಮ್ಮನೆ ಗಿರಗಿರ ತಿರುಗುತ್ತಿದ್ದಾಳೆ. ನನ್ನ ಗಂಟಲು ತಾನಾಗಿಯೇ ಸಜ್ಜಾಯಿತು. ಹರುಕೊ ಮಾತ್ರ ನೆಲದ ಮೇಲೆ ಕೂತು ಒಂದು ಕಾಗದ ಮಡಚಲು ಹತ್ತಿದರು. ಯಾರನ್ನೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ನಾಯಿ ಬಂದು ಪಕ್ಕದಲ್ಲಿ ಕೂತಿತು. ಆಮೇಲೆ ಹಡಗಿನವನು ಬಂದ. ಕೊನೆಗೆ ಹರುಕೊ ಪಿಸುಮಾತಿನಲ್ಲಿ ಏನೋ ಹೇಳತೊಡಗಿದಾಗ, ಕೇಳಿಸಿಕೊಳ್ಳಬೇಕೆಂದರೆ ಎಲ್ಲರೂ ಸುಮ್ಮನಿರಲೇಬೇಕಾಯಿತು. ಧ್ವನಿ ಏರಿಸಿ ಮಕ್ಕಳನ್ನು ಗೆಲ್ಲುವುದು ನನಗೆ ಗೊತ್ತು. ಇಳಿಸಿ ಗೆಲ್ಲುವುದನ್ನು ಅಂದೇ ನೋಡಿದ್ದು.

ಅಂಗಳದಲ್ಲಿ ಇಬ್ಬರು ಹುಡುಗಿಯರು ಮೂರು ಗಾಲಿಯ ಸೈಕಲ್ಲಿಗಾಗಿ ಜಗ್ಗಾಡತೊಡಗಿದರು. ಒಬ್ಬಳು ಮುಂದಿನಿಂದ ಎಳೆದರೆ ಇನ್ನೊಬ್ಬಳು ಹಿಂದಿನಿಂದ ಎಳೆದಳು. ಕಿರುಚಾಟ, ಕಣ್ಣೀರು. ಹರುಕೊ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದರು. ಇವರಿಗೆ ಕಣ್ಣು ಕಾಣುವುದಿಲ್ಲವೇ ಎಂದು ನಾನೇ ನುಗ್ಗಿದೆ. ಇಬ್ಬರನ್ನೂ ಬಿಡಿಸಿ, ಸಣ್ಣವಳನ್ನು ಸೈಕಲ್ ಮೇಲೆ ಕೂಡಿಸಿ, ದೊಡ್ಡವಳಿಗೆ ಬೆರಳು ತೋರಿಸಿ ಗದರಿಸಿದೆ. ನ್ಯಾಯ ಮುಗಿಯಿತು. ಆದರೆ ಸೈಕಲ್ ಸಿಕ್ಕವಳು ಅದನ್ನು ಓಡಿಸಲಿಲ್ಲ. ಇಳಿದು ಹೋದಳು. ದೊಡ್ಡವಳೂ ಹೋದಳು. ಅಂಗಳದಲ್ಲಿ ನಾನು, ಸೈಕಲ್ಲು ಇಬ್ಬರೇ ಉಳಿದೆವು.

"ಪೆಟ್ಟಾಗುವಂತಿದ್ದರೆ ನಾನೇ ಓಡಿ ಬರುತ್ತಿದ್ದೆ" ಎಂದರು ಹರುಕೊ, ಸಂಜೆ ಚಹಾ ಕುಡಿಯುವಾಗ. "ಅವರಿಬ್ಬರಿಗೂ ಇವತ್ತು ಒಂದು ಕೆಲಸ ಸಿಕ್ಕಿತ್ತು. ಅದನ್ನು ನೀವೇ ಮಾಡಿ ಮುಗಿಸಿಬಿಟ್ಟಿರಿ."

ಎಷ್ಟು ಮೆತ್ತಗೆ ಹೇಳಿದರೆಂದರೆ, ಅದು ಬೈಗುಳವೆಂದು ನನಗೆ ಹೊಳೆದದ್ದು ಹಾಸಿಗೆಯಲ್ಲಿ ಮಲಗಿದ ಮೇಲೆ.

ಮಕ್ಕಳು ಕಲಿತ ಕನ್ನಡ

ಒಂದು ಮಧ್ಯಾಹ್ನ ಹರುಕೊ ಖುಷಿಯಿಂದ ಬಂದರು. "ಸುಮಂಗರಾ ಸೆನ್ಸೇ, ಮಕ್ಕಳು ನಿಮ್ಮ ಭಾಷೆ ಕಲಿತಿದ್ದಾರೆ!" ಸೆನ್ಸೇ ಎಂದರೆ ಅಕ್ಕೋರು. ಅವರ ನಾಲಿಗೆಗೆ 'ಲ' ಒಗ್ಗದ್ದರಿಂದ ಅಲ್ಲಿ ಇದ್ದಷ್ಟು ದಿನ ನಾನು ಸುಮಂಗರಾ.

ನನ್ನ ಎದೆ ಉಬ್ಬಿತು. ಯಾವ ಮಾತು ಕಲಿತರು? ನಮಸ್ಕಾರವೇ? ಒಂದು, ಎರಡೇ? ಹೊರಗೆ ಹೋಗಿ ನೋಡಿದರೆ ಮಕ್ಕಳು ಸಾಲಾಗಿ ಜಾರುಬಂಡಿ ಏರುತ್ತ, ಮುಂದಿನವರ ಬೆನ್ನು ತಟ್ಟಿ ಒಂದೇ ಸಮನೆ ಕೂಗುತ್ತಿದ್ದಾರೆ: "ರಗೂ ರಗೂ! ರಗೂ ರಗೂ!"

ದಿನವಿಡೀ ನನ್ನ ಬಾಯಿಂದ ಉದುರುತ್ತಿದ್ದ ಲಗೂ ಲಗೂ, ಅಂದರೆ ಬೇಗ ಬೇಗ, ಅದು. ಬೂಟಿಗೆ ಲಗೂ, ಊಟಕ್ಕೆ ಲಗೂ, ಕೈ ತೊಳೆಯಲು ಲಗೂ.

"ಅದರ ಅರ್ಥವೇನು?" ಎಂದು ಕೇಳಿದರು ಹರುಕೊ.

"ಸಂತೋಷವಾಗಿರಿ ಅಂತ" ಎಂದೆ. ಭಾಷಾಂತರದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುವುದುಂಟು.

ಹಿಟ್ಟಿನ ಪಾಠ

ಪಾಠ ಮಾಡುವ ದಿನ ಹತ್ತಿರ ಬಂತು, ಚಾರ್ಟು ಬರಲಿಲ್ಲ. ಹಣ್ಣಿಲ್ಲ, ಪ್ರಾಣಿಯಿಲ್ಲ, ಅಕ್ಷರವಿಲ್ಲ. ನನ್ನ ಭಾಷೆ ಮಕ್ಕಳಿಗೆ ಬಾರದು, ಅವರದು ನನಗೆ ಬಾರದು. ಪಾಠ ನೋಡಲು ಬೇರೆ ಊರುಗಳ ಶಿಕ್ಷಕಿಯರೂ ಬರುತ್ತಾರೆ ಎಂದು ತಿಳಿಯಿತು. ಅಷ್ಟು ವರ್ಷ ಸಂಪಾದಿಸಿದ ಹೆಸರು ಈ ಸಮುದ್ರದ ದಂಡೆಯಲ್ಲಿ ಮುಳುಗುವುದು ಖಾತ್ರಿ ಎನ್ನಿಸಿತು. ಉಳಿದದ್ದು ಜೋಳದ ಹಿಟ್ಟಿನ ಡಬ್ಬಿ ಮಾತ್ರ.

ಮಕ್ಕಳ ಕೈಯಿಂದ ರೊಟ್ಟಿ ತಟ್ಟಿಸಿದರೆ ಆದೀತೇ ಎಂದು ಹರುಕೊ ಅವರನ್ನು ಕೇಳಿದೆ. ಅವರು ಹಿಟ್ಟನ್ನು ಮೂಸಿ ನೋಡಿ, ಮಕ್ಕಳ ಮನೆಗಳಿಗೆಲ್ಲ ಫೋನು ಮಾಡಿ, ಯಾರಿಗೂ ಅದು ಒಗ್ಗದಿರುವ ಭಯವಿಲ್ಲವೆಂದು ಖಚಿತ ಮಾಡಿಕೊಂಡರು. ಶೇಂಗಾ ಚಟ್ನಿಗೆ ಮಾತ್ರ ಪ್ರವೇಶ ಸಿಗಲಿಲ್ಲ. ಕೆಲವು ಮಕ್ಕಳಿಗೆ ಶೇಂಗಾ ಎಂದರೆ ಜೀವಕ್ಕೇ ಅಪಾಯವಂತೆ. ನಮ್ಮಲ್ಲಿ ಮಗು ಸೊರಗಿದರೆ ಮೊದಲು ಕೊಡುವುದೇ ಶೇಂಗಾ ಉಂಡಿ! ಚಟ್ನಿ ಹರುಕೊ ಅವರ ಮನೆಯ ಅತಿ ಎತ್ತರದ ಕಪಾಟಿನಲ್ಲಿ ಬಂಧನಕ್ಕೊಳಗಾಯಿತು.

ಪಾಠ ಶುರುವಾಯಿತು. ಗೋಡೆಗೆ ಹೊಂದಿ ಅತಿಥಿ ಶಿಕ್ಷಕಿಯರು ಕೂತಿದ್ದರು. ಹೆದರಿಕೆಗೆ ನನ್ನ ಹಳೆಯ ಧ್ವನಿಯೇ ಹೊರಬಂತು: "ಮಕ್ಕಳಾ! ಎಲ್ಲಾರೂ ನನ್ನ ಕಡೆ ನೋಡ್ರಿ!" ಇಡೀ ಬಡಾವಣೆಗೆ ಕೇಳಿಸುವ ಧ್ವನಿ, ಆ ಪುಟ್ಟ ಕಟ್ಟಿಗೆಯ ಕೋಣೆಯಲ್ಲಿ. ಇಬ್ಬರು ಮಕ್ಕಳು ಕಿವಿ ಮುಚ್ಚಿಕೊಂಡರು, ಒಬ್ಬಳು ತುಟಿ ಬಿರಿದು ಅಳಲು ತಯಾರಾದಳು.

ನಾನು ಬಾಯಿ ಮುಚ್ಚಿ ನೆಲದ ಮೇಲೆ ಕೂತೆ. ಕುದಿನೀರಿನಲ್ಲಿ ಕಲಸಿ ಆರಿಸಿದ್ದ ಹಿಟ್ಟನ್ನು ತೆಗೆದುಕೊಂಡು ನಾದಿದೆ. ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ, ಉಂಡೆ ಇಟ್ಟು ಬಡಿಯತೊಡಗಿದೆ. ಪಟ್, ಪಟ್, ಪಟ್. ರೊಟ್ಟಿ ತಿರುಗಿತು, ಹಿಗ್ಗಿತು. ಅಳಲು ತಯಾರಾಗಿದ್ದವಳ ತುಟಿ ಮುಚ್ಚಿತು. ಅವಳೇ ಮೊದಲು ಕೈ ಚಾಚಿದಳು.

ಆಮೇಲೆ ಕೋಣೆಯ ತುಂಬ ಪಟಪಟ. ಬಡಿತಕ್ಕೊಂದರಂತೆ ಒಂದು, ಎರಡು, ಮೂರು ಎನ್ನುತ್ತ ಹೋದೆ, ಅವರೂ ಅಂದರು. ಒಬ್ಬಳು ಬಸವನಹುಳು ಮಾಡಿದಳು, ಒಬ್ಬ ರೊಟ್ಟಿಗೆ ಕಣ್ಣು ಮೂಗು ಇಟ್ಟ. "ದುಂಡಗ ಮಾಡೋ" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

ಕೆಂತ ಮಾತ್ರ ಉಂಡೆಯನ್ನು ಮುಂದಿಟ್ಟುಕೊಂಡು ಎರಡೂ ಕೈ ಮಡಿಲಲ್ಲಿ ಬಚ್ಚಿಟ್ಟು ಕೂತಿದ್ದ. ಅತಿಥಿಗಳೆಲ್ಲ ಅವನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಅವನ ಕೈ ಹಿಡಿದು ಬಡಿಸಿಬಿಟ್ಟರೆ ಮುಗಿಯುತ್ತಿತ್ತು. ನನ್ನ ಕೈ ಅವನ ಕಡೆ ಹೊರಟೂ ಆಗಿತ್ತು. ಆಗ ಅವನ ಬೂಟು ನೆನಪಾಯಿತು. ಹೊರಟ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಎದೆಯ ಮೇಲೆ ಕಟ್ಟಿಕೊಂಡು ಕೂತೆ. ಮಕ್ಕಳಿಗೆ ದಿನಾ ಹೇಳುವ ಆ ಶಿಕ್ಷೆ ಇಷ್ಟು ಕಠಿಣವೆಂದು ನನಗೆ ಗೊತ್ತಿರಲಿಲ್ಲ.

ಆ ಹೊತ್ತಿಗೆ ಮಾಡಿಗೆ ಕಟ್ಟಿದ್ದ ಕಾಗದದ ಹಕ್ಕಿಗಳು ಗಾಳಿಯಿಲ್ಲದೆ ತೂಗಾಡಿದವು. ಕಿಟಕಿಯ ಗಾಜು ಗಡಗಡಿಸಿತು. ಹರುಕೊ ಮೊದಲು ರೊಟ್ಟಿ ಬೇಯಿಸಲು ಹಚ್ಚಿಟ್ಟಿದ್ದ ಒಲೆ ಆರಿಸಿ ಒಂದೇ ಒಂದು ಶಬ್ದ ನುಡಿದರು. ಮಕ್ಕಳೆಲ್ಲ ಇಲಿಮರಿಗಳ ಹಾಗೆ ಮೇಜುಗಳ ಕೆಳಗೆ ನುಸುಳಿದರು.

ವಿಜಯಪುರದಲ್ಲಿಯೂ ಆಗಾಗ ನೆಲ ಗುಡುಗುತ್ತದೆ. ಆಗ ನಾವು ಮಾಡುವುದು ಒಂದೇ: ಬಾಗಿಲಿನತ್ತ ಓಟ, ರಸ್ತೆಗೆ ಬಂದು ಟಿಕೋಟಾದ ಬೀಗರಿಗೆ ಫೋನು, "ನಿಮ್ಮ ಕಡೆನೂ ಆತೇನ್ರಿ?" ಅಭ್ಯಾಸಬಲದಿಂದ ನಾನು ಸೀರೆ ಎತ್ತಿಕೊಂಡು ಬಾಗಿಲಿಗೆ ಹೊರಟೆ. ಯಾರೋ ಸೆರಗು ಹಿಡಿದು ಜಗ್ಗಿದರು. ಮೇಜಿನ ಕೆಳಗಿನಿಂದ ಚಾಚಿದ ಪುಟ್ಟ ಕೈ. ಕೆಂತ.

"ರಗೂ, ರಗೂ!" ಎಂದ ಅವನು, ಗಾಬರಿಯ ಕಣ್ಣಿನಿಂದ.

ನನ್ನ ಮಾತು ಅಷ್ಟು ಸರಿಯಾದ ಜಾಗದಲ್ಲಿ ಬಳಕೆಯಾದದ್ದು ಅದೇ ಮೊದಲು. ಮಂಡಿಯೂರಿ ಮೇಜಿನ ಕೆಳಗೆ ತೂರಿದೆ. ತಲೆ, ಹೆಗಲು ಒಳಗೆ ಹೋದವು. ಉಳಿದ ನಾನು ಹೊರಗೇ ಉಳಿದೆ. ಅಷ್ಟು ಭಯದಲ್ಲಿಯೂ ಅಕ್ಕಪಕ್ಕದ ಮೇಜುಗಳ ಕೆಳಗಿಂದ ಕಿಸಿಕಿಸಿ ನಗು ಕೇಳಿಸಿತು. ಕೆಂತ ನಗಲಿಲ್ಲ. ನನ್ನ ತಲೆಯ ಮೇಲೆ ತನ್ನ ಅಂಗೈ ಇಟ್ಟು ಕಾಯ್ದ. ನೆಲ ಇನ್ನೊಮ್ಮೆ ನಡುಗಿತು. ನನ್ನ ಮಕ್ಕಳು, ಅತ್ತೆ, ಮನೆಯ ಬಾಗಿಲು ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಎಲ್ಲ ನಿಂತಿತು.

ನಿಶ್ಶಬ್ದದಲ್ಲಿ ಒಂದು ಸದ್ದು. ಪಟ್. ಪಟ್. ಕೆಂತ ತನ್ನ ಉಂಡೆಯನ್ನು ಜೊತೆಗೇ ಒಯ್ದಿದ್ದ. ಯಾರೂ ನೋಡದ ಆ ಕತ್ತಲಿನಲ್ಲಿ, ನೆಲದ ಮೇಲೆ ಅದನ್ನು ಬಡಿಯುತ್ತಿದ್ದ. ಹರುಕೊ ಏಳಿ ಎಂದ ಮೇಲೆ ಎಲ್ಲರೂ ಎದ್ದರು. ನಾವಿಬ್ಬರು ಏಳಲಿಲ್ಲ. ಅವನು ಬಡಿದು ಮುಗಿಸುವ ತನಕ ನಾನು ಅಲ್ಲೇ, ಆ ಅರ್ಧ ಒಳಗೆ ಅರ್ಧ ಹೊರಗಿನ ಸ್ಥಿತಿಯಲ್ಲಿಯೇ, ಇದ್ದೆ. ಬೆನ್ನು ಹಿಡಿಯಿತು. ನನ್ನ ವೃತ್ತಿಜೀವನದಲ್ಲಿ ಅಷ್ಟು ಒಳ್ಳೆಯ ಪಾಠ ನಾನು ಮಾಡಿದ್ದಿಲ್ಲ, ಅದೂ ಏನೂ ಮಾಡದೆ.

ಅವನ ರೊಟ್ಟಿಯನ್ನು ಹರುಕೊ ಬೇಯಿಸಿ ಕೊಟ್ಟರು. ನೆಲದ ಮೇಲೆ ಬಡಿದದ್ದು, ತಿನ್ನುವಂತಿರಲಿಲ್ಲ. ಅವನಿಗೆ ತಿನ್ನುವುದು ಬೇಕೂ ಇರಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದ.

ಚಾರ್ಟಿನ ಕೊಳವೆ ಬಂತು, ಮರುದಿನ, ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ.

ಮತ್ತೆ ನಮ್ಮ ಅಂಗಳ

ನಾನು ಊರಿಗೆ ಬಂದ ಮೇಲೆ ದೊಡ್ಡ ಅಕ್ಕೋರು ಪಾಲಕರ ಸಭೆ ಕರೆದರು. ಸಾರವಾಡದಿಂದ ಮಗಳನ್ನು ವ್ಯಾನಿನಲ್ಲಿ ಕಳಿಸುವ ರೈತರೊಬ್ಬರು ಎದ್ದು ನಿಂತರು.

"ಅಕ್ಕೋರ, ಈ ವಯಸ್ಸಿನ ಹುಡುಗರ ಕಡೆ ಅಲ್ಲಿ ಎಷ್ಟ ಬರಸ್ತಾರ್ರಿ?"

"ನಾ ನೋಡಿದ ಸಾಲ್ಯಾಗ ಏನೂ ಬರಸೂದಿಲ್ರಿ. ಆಡಸ್ತಾರ."

ಅವರು ಗಲ್ಲ ಕೆರೆದುಕೊಂಡರು. "ಮತ್ತ ನಮ್ಮ ಟ್ರ್ಯಾಕ್ಟರ್ ಮ್ಯಾಲ ಜಪಾನಿ ಹೆಸರ ಐತೆಲ್ರಿ. ಅದನ್ನ ಆಡಿದವರ ಮಾಡಿದ್ರೇನು?"

ಸಭೆ ನಕ್ಕಿತು, ಆದರೆ ಕರಗಲಿಲ್ಲ. ಫೀಸು ಕೊಡುವುದು ಆಡಿಸಲಿಕ್ಕಲ್ಲ ಎಂದು ನೌಕರಿಯಲ್ಲಿರುವ ತಾಯಿಯೊಬ್ಬರು ಖಡಾಖಡಿ ಹೇಳಿದರು. ಅವರ ಮಾತಿನಲ್ಲಿಯೂ ಸುಳ್ಳಿಲ್ಲ. ಮುಂದೆ ಒಂದನೆಯ ತರಗತಿಗೆ ಸೇರಿಸುವಾಗ ಪರೀಕ್ಷೆಗೆ ಕೂರುವುದು ಅವರ ಮಗು, ನಾನಲ್ಲ. ಕೊನೆಗೆ ದೊಡ್ಡ ಅಕ್ಕೋರು ಮಕ್ಕಳನ್ನು ಆಡಿಸಲಿಕ್ಕೆ ನನಗೆ ಶನಿವಾರದ ಒಂದು ಪಿರಿಯಡ್ಡನ್ನು ಭಿಕ್ಷೆಯ ಹಾಗೆ ಕೊಟ್ಟರು. "ಒಂದ ಮಾತ್ರ. ಮುಂದ ನೋಡೂನು."

ಮೊದಲ ಶನಿವಾರ ಮಕ್ಕಳನ್ನು ಅಂಗಳಕ್ಕೆ ಬಿಟ್ಟು, ನಿಮಗೆ ಬೇಕಾದದ್ದು ಮಾಡ್ರಿ ಎಂದೆ. ಅವರು ಕೈ ಕಟ್ಟಿ ನಿಂತರು! ಅಷ್ಟು ಚೆನ್ನಾಗಿ ಕಲಿಸಿದ್ದೆ ನಾನು. ಬಹಳ ಹೊತ್ತಿನ ಮೇಲೆ ಒಬ್ಬ ಕೂತು ನೆಲ ಕೆದರಿದ. ಇನ್ನೊಬ್ಬಳು ಚಮಚೆ ತಂದಳು. ನೋಡುನೋಡುತ್ತಿದ್ದಂತೆ ಬೇಲಿಯ ಬದಿಗೆ ಒಂದು ತಗ್ಗು, ಅದರ ಸುತ್ತ ಎಲ್ಲರೂ. "ಸರಿಯೋ", "ನಂದ ಪಾಳಿ", "ಕಲ್ಲ ಹತ್ತೇತಿ ನೋಡ". ನಾನು ಗೋಡೆಗೆ ಒರಗಿ ನಿಂತಿದ್ದೆ.

ಗದ್ದಲ ಕೇಳಿ ದೊಡ್ಡ ಅಕ್ಕೋರು ಬಂದೇ ಬಂದರು. ಮಕ್ಕಳ ಮಣ್ಣಾದ ಸಮವಸ್ತ್ರ ನೋಡಿ ಅವರ ಮುಖ ಕೆಂಪೇರಿತು. "ಸುಮಂಗಲಾ, ಇದರಾಗ ಏನ್ ಕಲಸಾಕತ್ತೀರಿ?"

ತಗ್ಗಿನೊಳಗಿನ ಹುಡುಗ ತಲೆ ಎತ್ತಿದ.

"ಬೋರ್ ಹೊಡ್ಯಾಕತ್ತೇವ್ರಿ ದೊಡ್ಡ ಅಕ್ಕೋರ. ಇನ್ನೂ ನೀರ ಬಂದಿಲ್ರಿ."

ದೊಡ್ಡ ಅಕ್ಕೋರ ತವರು ಬಿಜ್ಜರಗಿ. ಅಲ್ಲಿ ಅವರ ಅಣ್ಣನ ದ್ರಾಕ್ಷಿ ತೋಟವಿದೆ. ಬೋರಿನ ಮಾತು ಎತ್ತಿದರೆ ಆ ಕಡೆಯವರು ಬಸ್ಸು ತಪ್ಪಿದರೂ ನಿಂತು ಮಾತಾಡುತ್ತಾರೆ. ಅವರು ಗದರಲೆಂದು ತೆರೆದ ಬಾಯಿಂದ ಬೇರೆಯೇ ಮಾತು ಹೊರಬಂತು.

"ಎಷ್ಟ ಆಳ ಆತೋ?"

ಹುಡುಗ ತಗ್ಗಿನೊಳಗೆ ಗೇಣು ಹಾಕಿದ. ಉಳಿದವರು ಎಣಿಸಿದರು, ತಪ್ಪಿದರು, ಜಗಳಾಡಿದರು, ಮತ್ತೆ ಮೊದಲಿನಿಂದ ಎಣಿಸಿದರು. ನಾನು ಎಣಿಸಿಕೊಡಲು ಹೋಗಲಿಲ್ಲ.

"ಎರಡ ಗೇಣರಿ!"

"ಎರಡ ಗೇಣಿಗೆ ಯಾವ ಬೋರಿಗೆ ನೀರ ಬೀಳ್ತಾವಲೇ?" ಎಂದು ದೊಡ್ಡ ಅಕ್ಕೋರು ತಗ್ಗಿನ ದಂಡೆಗೆ ಕೂತರು. ಇಣುಕಿ ನೋಡಿದರು. "ಗಟ್ಟಿ ಗರಸ ಮಣ್ಣ ಹತ್ತೇತಿ ನೋಡು ಇಲ್ಲೆ. ಈ ಮಗ್ಗಲಿಗೆ ಬ್ಯಾಡ, ಆ ಮಗ್ಗಲಿಗೆ ಹೊಡೀರಿ."

ಆಮೇಲೆ ನನ್ನ ಕಡೆ ತಿರುಗಿ ನೋಡಲೂ ಇಲ್ಲ, ಕೈ ಮಾತ್ರ ಚಾಚಿದರು.

"ಸುಮಂಗಲಾ, ಸುಮ್ಮ ಏನ್ ನಿಂತೀರಿ, ಆ ಚಮಚಾ ಕೊಡ್ರಿ ಇಲ್ಲೆ."